ಅರ್ಪಣೆ ನಮ್ಮದು, ಸ್ವೀಕಾರ ಮಗುವಿನದು

(ಬೆಂಗಳೂರು ಶಿವಾಜಿನಗರದ ಭಕ್ತರ ಮನೆಯಲ್ಲಿ ಶ್ರಾವಣ ಮಾಸದ ಒಂದು ಸಂಜೆ ಪೂಜ್ಯರು ದಯಪಾಲಿಸಿದ ಆಶೀರ್ವಚನ)



ಈ ಶ್ರಾವಣದಲ್ಲಿ ದಿನಕ್ಕೊಂದು ಮನೆಯಂತೆ ನಿಮ್ಮ ಶಿವಾಜಿನಗರದಲ್ಲಿ ಶಿವಾನುಭವದ ಮಾತು ನಡೆಯುತ್ತಿದೆ. ಇಂದು ಷಟ್‌ಸ್ಥಲವನ್ನು ಕುರಿತು ಹೇಳುತ್ತೇವೆಂದು ನಿನ್ನೆ ಮಾತು ಕೊಟ್ಟಿದ್ದೆವು. ಆದರೆ ಈ ದಿನ ಬೆಳಿಗ್ಗೆ ಒಬ್ಬ ತಾಯಿ ಬಂದರು. ಕಂಕುಳಲ್ಲಿ ಎರಡು ವರ್ಷ ತುಂಬಿದ ಕೂಸು. ನಮಸ್ಕಾರ ಮಾಡಿ ಎದ್ದವರೇ, “ಬುದ್ಧೀ, ಮಗ ಉಣ್ಣೋದಿಲ್ಲ. ಏನು ಮಾಡಿದರೂ ಬಾಯಿ ತೆರೆಯೋದಿಲ್ಲ. ವಿಭೂತಿ ಮಂತ್ರಿಸಿ ಕೊಡಿ” ಎಂದರು. ವಿಭೂತಿ ಕೊಟ್ಟೆವು. ಅವರು ಮೆಟ್ಟಿಲಿಳಿಯುವಾಗ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನಮಗೆ ಕಾಣಿಸಿತು. ವಿಭೂತಿ ಕೊಟ್ಟು ಕಳಿಸಿಬಿಟ್ಟರೆ ಗುರುವಿನ ಕೆಲಸ ಮುಗಿಯಿತೇ? ಷಟ್‌ಸ್ಥಲ ಎಲ್ಲಿಗೂ ಓಡಿಹೋಗುವುದಿಲ್ಲ, ನಾಳೆ ಹೇಳೋಣ. ಇಂದು ಉಣ್ಣದ ಮಗುವಿನ ಮಾತನ್ನೇ ಆಡೋಣ.

ಸನ್ಯಾಸಿಗೆ ಈ ಸಂಸಾರದ ಮಾತೇಕೆ ಎಂದು ಕೆಲವರು ಮನಸ್ಸಿನಲ್ಲಿ ನಗುತ್ತಿರಬಹುದು. ನಗಲಿ. ನಾವು ಮಕ್ಕಳನ್ನು ಹೆತ್ತವರಲ್ಲ, ನಿಜ. ಆದರೆ ಈ ವಿಷಯದಲ್ಲಿ ನಮ್ಮಿಂದಲೇ ಒಂದು ತಪ್ಪು ನಡೆದಿದೆ. ಅದನ್ನು ಮೊದಲು ಹೇಳಿ, ಆಮೇಲೆ ನಿಮಗೆ ಬುದ್ಧಿ ಹೇಳುವುದು ಉಚಿತ.

ಕೆಲವು ವರ್ಷಗಳ ಹಿಂದೆ ಇಲ್ಲೇ, 1927ರಲ್ಲಿ ಕಟ್ಟಿದ ಆ ರಸೆಲ್ ಮಾರುಕಟ್ಟೆಯ ಹತ್ತಿರದ ಒಂದು ಓಣಿಗೆ ಪಾದಪೂಜೆಗೆ ಹೋಗಿದ್ದೆವು. ಪೂಜೆ ಮುಗಿದು ಪ್ರಸಾದಕ್ಕೆ ಅಣಿಯಾಗುವ ಹೊತ್ತು. ಒಳಮನೆಯಿಂದ ಮಗುವಿನ ಚೀರಾಟ ಕೇಳಿಸಿತು. ನೋಡಿದರೆ, ಅಜ್ಜಿ ಮಗುವಿನ ಕೈ ಹಿಡಿದಿದ್ದಾರೆ, ತಾಯಿ ಮೂಗು ಹಿಡಿದಿದ್ದಾರೆ. ಉಸಿರು ಕಟ್ಟಿ ಮಗು ಬಾಯಿ ತೆರೆದೊಡನೆ ಅನ್ನದ ತುತ್ತು ಒಳಗೆ! ನಮ್ಮನ್ನು ಕಂಡ ಅಜ್ಜಿ, “ಅಗೋ, ಬುದ್ಧಿಯೋರು ಬಂದರು. ಉಣ್ಣದಿದ್ದರೆ ಜೋಳಿಗೆಯಲ್ಲಿ ಹಾಕಿಕೊಂಡು ಹೋಗ್ತಾರೆ” ಎಂದರು. ಆಗ ನಾವೇನು ಮಾಡಿದೆವು? ತಮಾಷೆಯೆಂದು ನಕ್ಕು, ಹೆಗಲ ಜೋಳಿಗೆಯ ಬಾಯನ್ನು ಅಗಲಿಸಿ ತೋರಿಸಿದೆವು. ಮಗು ಗಪ್ಪನೆ ಬಾಯಿ ತೆರೆಯಿತು. ನಾಲ್ಕು ತುತ್ತು ನುಂಗಿತು. ಮನೆಯವರೆಲ್ಲ ನಕ್ಕರು. ನಾವೂ ನಕ್ಕೆವು. ಐದನೆಯ ತುತ್ತಿಗೆ ಉಂಡದ್ದೆಲ್ಲ ವಾಂತಿಯಾಯಿತು.

ವಾರ ಕಳೆದು ಆ ಮಗುವಿನ ತಂದೆ ಮಠಕ್ಕೆ ಬಂದರು. ಮಾತು ಎತ್ತಲು ಸಂಕೋಚಪಟ್ಟರು. ಕೇಳಿ ಕೇಳಿ ಹೊರಡಿಸಬೇಕಾಯಿತು. ಮಗು ತಟ್ಟೆ ಕಂಡರೆ ಅಳುತ್ತದಂತೆ. ಕಾವಿ ಬಟ್ಟೆ ಕಂಡರೆ ಮಂಚದ ಕೆಳಗೆ ಸೇರುತ್ತದಂತೆ. ರಾತ್ರಿ ಬೆಚ್ಚಿ ಎದ್ದು, “ಜೋಳಿಗೆ ಹೋಯ್ತಾ?” ಎಂದು ಕೇಳುತ್ತದಂತೆ. ಬಂಧುಗಳೇ, ಆ ಒಂದು ಮಾತು ನಮ್ಮನ್ನು ಬಹಳ ದಿನ ಮಲಗಗೊಡಲಿಲ್ಲ. ಜಂಗಮನ ಜೋಳಿಗೆ ಹಸಿದವರಿಗೆ ಅನ್ನ ತರಲು ಹೊರಟ ಜೋಳಿಗೆ. ಅದನ್ನು ನಾವು ನಗುನಗುತ್ತ ಗುಮ್ಮನ ಚೀಲ ಮಾಡಿಬಿಟ್ಟೆವು.

ನಿಮ್ಮ ಈ ಬೀದಿಯಲ್ಲಿ ಕನ್ನಡ, ತಮಿಳು, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಭಾಷೆ ಮೂರಾದರೂ ಊಟದ ಹೊತ್ತಿನ ಬೆದರಿಕೆ ಮಾತ್ರ ಒಂದೇ. ಕನ್ನಡದ ತಾಯಿ ಗುಮ್ಮನನ್ನು ಕರೆಯುತ್ತಾಳೆ, ತಮಿಳಿನ ತಾಯಿ ಪೂಚಾಂಡಿಯನ್ನು ಕರೆಯುತ್ತಾಳೆ. ಪೂಚಾಂಡಿ ಎಂದರೆ ಮೈಗೆ ಬೂದಿ ಬಳಿದುಕೊಂಡು ಬರುವ ಭಿಕ್ಷುಕ ಎಂದು ಅರ್ಥ ಹೇಳುವವರಿದ್ದಾರೆ. ಹಾಗಿದ್ದರೆ ಅವನೂ ನಮ್ಮವನೇ ಆದ! ಪುರಂದರದಾಸರ ಒಂದು ಪದದಲ್ಲಿ ಬಾಲಕೃಷ್ಣನೇ ಗುಮ್ಮನಿಗೆ ಹೆದರಿ ತಾಯಿಯನ್ನು ಅಂಗಲಾಚುತ್ತಾನೆ. ಅಷ್ಟು ಹಳೆಯದು ಈ ಬೆದರಿಕೆ. ಆದರೆ ಹಳೆಯದೆಲ್ಲ ಶಾಸ್ತ್ರಸಮ್ಮತವೆಂದು ತಿಳಿಯಬೇಡಿ. ಪಾಠಶಾಲೆಯಲ್ಲಿ ನಾವು ಚರಕಸಂಹಿತೆಯ ಕೆಲವು ಭಾಗಗಳನ್ನು ಓದಿದ್ದೆವು. ಈ ಘಟನೆಯ ನಂತರ ಅದರ ಶಾರೀರಸ್ಥಾನದ ಎಂಟನೆಯ ಅಧ್ಯಾಯವನ್ನು ಮತ್ತೆ ತೆಗೆದು ನೋಡಿದೆವು. ಮಗು ಅಳುತ್ತಿರಲಿ, ಉಣ್ಣದಿರಲಿ, ಹೇಳಿದ ಮಾತು ಕೇಳದಿರಲಿ, ರಾಕ್ಷಸ, ಪಿಶಾಚ, ಪೂತನಿಯರ ಹೆಸರೆತ್ತಿ ಅದನ್ನು ಹೆದರಿಸಬಾರದೆಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಉಣ್ಣದ ಮಗುವಿನ ಹೆಸರು ಹಿಡಿದೇ ಹೇಳಿದೆ ನೋಡಿ! ನೂರಾರು ವರ್ಷಗಳ ಹಿಂದೆಯೇ ಆಚಾರ್ಯರು ಬೇಡವೆಂದದ್ದನ್ನು ಅವರ ಗ್ರಂಥ ಓದಿದ ನಾವೇ ಮಾಡಿದೆವು. ಓದಿದ್ದು ನಾಲಗೆಯ ಮೇಲಿತ್ತು, ನಡತೆಗೆ ಇಳಿದಿರಲಿಲ್ಲ.

ಇರಲಿ. ತಾಯಿ ಹೀಗೇಕೆ ಮೂಗು ಹಿಡಿದು ತುರುಕುತ್ತಾಳೆ? ಅವಳೇನು ಕ್ರೂರಿಯೇ? ಅಲ್ಲ. ಅದನ್ನು ತಿಳಿಯಲು ಕೊಳೂರ ಕೊಡಗೂಸಿನ ಕಥೆಯನ್ನು ನೆನೆಯಬೇಕು. ಹರಿಹರ ಮಹಾಕವಿ ರಗಳೆಯಾಗಿ ಬರೆದ ಕಥೆ, ನಿಮಗೆಲ್ಲ ಗೊತ್ತಿರುವುದೇ. ತಂದೆ ಪರಸ್ಥಳಕ್ಕೆ ಹೋಗುವಾಗ ಶಿವನಿಗೆ ಹಾಲು ಅರ್ಪಿಸುವ ಕೆಲಸವನ್ನು ಎಳೆಯ ಮಗಳಿಗೆ ವಹಿಸಿ ಹೋದ. ಆಕೆ ಬಟ್ಟಲು ತುಂಬ ಹಾಲು ಒಯ್ದು ಲಿಂಗದ ಮುಂದಿಟ್ಟು ಕುಡಿಯೆಂದಳು. ಲಿಂಗ ಕುಡಿಯಲಿಲ್ಲ. ಬೇಡಿಕೊಂಡಳು, ಕುಡಿಯಲಿಲ್ಲ. ಆಗ ಆ ಕೂಸು ಅತ್ತದ್ದೇಕೆ? ಶಿವನು ಹಸಿದಿದ್ದಾನೆಂಬ ಮರುಕ ಒಂದು ಕಡೆ. ಹಾಲು ಹಾಗೇ ಉಳಿದರೆ ಅಪ್ಪ ಬಯ್ಯುತ್ತಾನಲ್ಲ, ಹೊಡೆಯುತ್ತಾನಲ್ಲ ಎಂಬ ಭಯ ಇನ್ನೊಂದು ಕಡೆ. ಆ ಭಯವನ್ನು ನಾವು ಕಥೆ ಹೇಳುವಾಗ ಮರೆತುಬಿಡುತ್ತೇವೆ. ಶಿವನು ಮರೆಯಲಿಲ್ಲ, ಬಂದು ಕುಡಿದ.

ನಿಮ್ಮ ಮನೆಯ ಸೊಸೆಯೂ ಒಬ್ಬ ಕೊಡಗೂಸೇ. ಮಗು ತೆಳ್ಳಗಿದ್ದರೆ ಬಂದವರೆಲ್ಲ ಏನೆನ್ನುತ್ತಾರೆ? “ಯಾಕಮ್ಮಾ, ಮಗೀಗೆ ಸರಿಯಾಗಿ ಉಣ್ಣಿಸೋದಿಲ್ವಾ?” ಎನ್ನುತ್ತಾರೆ. ಅತ್ತೆ, “ನನ್ನ ಮಕ್ಕಳು ಹೀಗಿರಲಿಲ್ಲ” ಎನ್ನುತ್ತಾಳೆ. ಗಂಡ ಕೆಲಸದಿಂದ ಬಂದವನೇ, “ಇವತ್ತಾದರೂ ಉಂಡನೇ?” ಎಂದು ಲೆಕ್ಕ ಕೇಳುತ್ತಾನೆ. ಲೆಕ್ಕ ಒಪ್ಪಿಸಬೇಕಾದವಳು ಏನು ಮಾಡಬೇಕು? ತುರುಕುತ್ತಾಳೆ. ಆ ತುತ್ತಿನಲ್ಲಿ ಅನ್ನಕ್ಕಿಂತ ಅಂಜಿಕೆಯೇ ಹೆಚ್ಚು. ಆದುದರಿಂದ ಅತ್ತೆಯರೇ, ಗಂಡಂದಿರೇ, ಈ ಮಾತು ಮೊದಲು ನಿಮಗೆ. ಮಗುವಿನ ಕೆನ್ನೆ ನೋಡಿ ತಾಯಿಯ ಯೋಗ್ಯತೆಯನ್ನು ಅಳೆಯಬೇಡಿ. ಉಣಿಸುವವಳ ಮೇಲೆ ಭಯವಿರುವವರೆಗೆ ಉಣ್ಣುವವನ ಮೇಲೆ ಬಲಾತ್ಕಾರ ತಪ್ಪದು.

ಇನ್ನು ಮಗು ಏಕೆ ಉಣ್ಣುವುದಿಲ್ಲ? ನಮ್ಮ ಭಕ್ತರಲ್ಲಿ ಮಕ್ಕಳ ವೈದ್ಯರೊಬ್ಬರಿದ್ದಾರೆ. ಅವರನ್ನು ಕೂರಿಸಿಕೊಂಡು ಕೇಳಿ ತಿಳಿದುಕೊಂಡೆವು. ಹುಟ್ಟುವಾಗ 3 ಕಿಲೋ ಇದ್ದ ಮಗು ಒಂದು ವರ್ಷಕ್ಕೆ ಹೆಚ್ಚುಕಡಿಮೆ 9 ಕಿಲೋ ಆಗುತ್ತದೆ. ವರ್ಷವೊಂದರಲ್ಲಿ ಮೂರು ಪಟ್ಟು! ಅದೇ ವೇಗದಲ್ಲಿ ಬೆಳೆದರೆ ಐದು ವರ್ಷಕ್ಕೆ ಏನಾದೀತು, ನೀವೇ ಗುಣಿಸಿ ನೋಡಿ. ಆದುದರಿಂದ ಪ್ರಕೃತಿ ಅಲ್ಲಿ ಕಡಿವಾಣ ಹಾಕುತ್ತದೆ. ಆಮೇಲೆ ವರ್ಷಕ್ಕೆ ಸುಮಾರು 2 ಕಿಲೋ ಮಾತ್ರ ಏರುತ್ತದೆ. ಬೆಳವಣಿಗೆ ನಿಧಾನವಾದಾಗ ಹಸಿವೂ ತಗ್ಗುತ್ತದೆ. ತಾಯಿಗೆ ಇದು ಗೊತ್ತಿಲ್ಲ. ಎಂಟು ತಿಂಗಳಲ್ಲಿ ಬಟ್ಟಲು ರಾಗಿ ಸರಿ ತಿನ್ನುತ್ತಿದ್ದವನು ಎರಡು ವರ್ಷಕ್ಕೆ ಅರ್ಧ ಇಡ್ಲಿಗೇ ಸಾಕೆನ್ನುತ್ತಾನಲ್ಲ ಎಂದು ಕೊರಗುತ್ತಾಳೆ. ಅದೇ ವಯಸ್ಸಿನಲ್ಲಿ ಮಗುವಿಗೆ “ಬೇಡ” ಎಂಬ ಮಾತೂ ಬಂದಿರುತ್ತದೆ. ಹೊಸದಾಗಿ ಕಲಿತ ಮಾತು! ಸ್ನಾನಕ್ಕೂ ಬೇಡ, ಅಂಗಿಗೂ ಬೇಡ, ಅನ್ನಕ್ಕೂ ಬೇಡ. ನಾನೆಂಬುವನೊಬ್ಬನಿದ್ದೇನೆ ಎಂದು ಅದು ಸಾರುವ ಬಗೆ ಅದು.

ಇನ್ನೊಂದು ಕಾರಣವನ್ನೂ ವೈದ್ಯರು ಹೇಳಿದರು. ಅನ್ನ ತಿನ್ನದ ಮಗು ದಿನವಿಡೀ ಏನು ತಿನ್ನುತ್ತದೆ ಎಂದು ನೋಡಿ. ಬೆಳಿಗ್ಗೆ ಒಂದು ಲೋಟ ಹಾಲು, ಹತ್ತಕ್ಕೆ ಎರಡು ಬಿಸ್ಕತ್ತು, ಅಳುತ್ತದೆಂದು ಮತ್ತೆ ಹಾಲು, ತಾತ ಅಂಗಡಿಯಿಂದ ತಂದ ಕುರುಕಲು, ಮಲಗುವಾಗ ಸೀಸೆಯಲ್ಲಿ ಮತ್ತೆ ಹಾಲು. ಅಂಗೈಯಷ್ಟು ಹೊಟ್ಟೆ ತುಂಬಿಹೋಗಿದೆ. ಅದರ ಮೇಲೆ ಊಟದ ತಟ್ಟೆ ಹಿಡಿದು ನಿಂತರೆ ಅದು ಬಾಯಿ ತೆರೆಯುವುದು ಹೇಗೆ? ವರ್ಷ ತುಂಬಿದ ಮಗುವಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಬೇಡವಂತೆ. ಹಾಲೇ ಹೊಟ್ಟೆ ತುಂಬಿಸಿದರೆ ಕಬ್ಬಿಣದ ಅಂಶ ಸಾಲದೆ ರಕ್ತ ಕಡಿಮೆಯಾಗುತ್ತದೆ, ರಕ್ತ ಕಡಿಮೆಯಾದರೆ ಹಸಿವು ಇನ್ನೂ ಕಡಿಮೆಯಾಗುತ್ತದೆ. ಹಾಲು ಅಮೃತವೇ. ಆದರೆ ಅಮೃತಕ್ಕೂ ಅಳತೆ ಬೇಕು.

ಇಷ್ಟು ತಿಳಿದ ಮೇಲೆ ನಮ್ಮ ಧರ್ಮದ ಕಡೆಗೆ ಬರೋಣ. ದಿನವೂ ನೀವು ಕರಸ್ಥಲದಲ್ಲಿ ಇಷ್ಟಲಿಂಗವನ್ನಿಟ್ಟು ಪೂಜಿಸಿ ನೈವೇದ್ಯ ತೋರಿಸುತ್ತೀರಿ. ಲಿಂಗ ಒಂದಗುಳನ್ನಾದರೂ ಕಡಿಮೆ ಮಾಡುತ್ತದೆಯೇ? ಇಲ್ಲ. ನಿಮಗೆ ಸಿಟ್ಟು ಬರುತ್ತದೆಯೇ? ಬರುವುದಿಲ್ಲ. ನಾಳೆ ಮತ್ತೆ ಮಡಿಯಿಂದ, ಹೊತ್ತಿಗೆ ಸರಿಯಾಗಿ, ಪ್ರೀತಿಯಿಂದ ಅರ್ಪಿಸುತ್ತೀರಿ. ಏಕೆಂದರೆ ಅರ್ಪಣೆ ನಿಮ್ಮದು, ಸ್ವೀಕಾರ ಅವನದು ಎಂದು ನಿಮಗೆ ಗೊತ್ತಿದೆ. ಲಿಂಗದ ಮುಂದೆ ಇರುವ ಈ ತಾಳ್ಮೆ ಮಗುವಿನ ಮುಂದೆ ಎಲ್ಲಿಗೆ ಹೋಯಿತು? ಏನು ಕೊಡಬೇಕು, ಯಾವಾಗ ಕೊಡಬೇಕು, ಎಲ್ಲಿ ಕೂರಿಸಿ ಕೊಡಬೇಕು ಎಂಬ ಮೂರು ನಿಮ್ಮ ಹೊಣೆ. ಎಷ್ಟು ಉಣ್ಣಬೇಕು ಎಂಬುದು ಮಗುವಿನ ಹೊಟ್ಟೆಗೆ ಗೊತ್ತು. ನಿಮ್ಮ ಹೊಣೆಯನ್ನು ಬಿಡಬೇಡಿ, ಅದರ ಹೊಣೆಯನ್ನು ಕಸಿಯಬೇಡಿ. ಬಲಾತ್ಕಾರದಿಂದ ಒಳಗೆ ಹೋದದ್ದು ಅನ್ನವಾದೀತು, ಪ್ರಸಾದವಾಗದು.

ವೈದ್ಯರು ಇದಕ್ಕೊಂದು ನಿದರ್ಶನ ಹೇಳಿದರು. ಅಮೆರಿಕದಲ್ಲಿ ಕ್ಲಾರಾ ಡೇವಿಸ್ ಎಂಬ ವೈದ್ಯೆ 1926ರಲ್ಲಿ ಒಂದು ಪರೀಕ್ಷೆ ಆರಂಭಿಸಿದರು. ಆಗತಾನೇ ಮೊಲೆ ಬಿಟ್ಟ ಕೂಸುಗಳು, ಒಟ್ಟು 15. ಅವುಗಳ ಮುಂದೆ ಬಗೆಬಗೆಯ ಸಾದಾ ಆಹಾರಗಳನ್ನು ಇಟ್ಟು ದಾದಿಯರು ಸುಮ್ಮನೆ ಕೂರುತ್ತಿದ್ದರು. ಇದನ್ನು ತಿನ್ನು, ಅದನ್ನು ಬಿಡು ಎನ್ನುವಂತಿಲ್ಲ. ಮಕ್ಕಳು ಒಂದು ಹೊತ್ತು ಸಿಕ್ಕಾಪಟ್ಟೆ ತಿಂದವು, ಇನ್ನೊಂದು ಹೊತ್ತು ಮೂಸಿಯೂ ನೋಡಲಿಲ್ಲ. ಆದರೂ ಎಲ್ಲವೂ ಚೆನ್ನಾಗಿ ಬೆಳೆದವು. ಇಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಿ. ಆ ತಟ್ಟೆಯಲ್ಲಿ ಇಟ್ಟದ್ದೆಲ್ಲ ಹಿತವಾದ ಆಹಾರವೇ. ಮಿಠಾಯಿ, ಬಿಸ್ಕತ್ತು ಇರಲಿಲ್ಲ. ಇಡುವ ವಿವೇಕ ದೊಡ್ಡವರದಾಗಿತ್ತು, ಉಣ್ಣುವ ಸ್ವಾತಂತ್ರ್ಯ ಚಿಕ್ಕವರದಾಗಿತ್ತು.

ಅಮೆರಿಕದವರೆಗೆ ಏಕೆ ಹೋಗಬೇಕು? ನಮ್ಮದೇ ಅನುಭವ ಹೇಳುತ್ತೇವೆ. ಏಳನೆಯ ವಯಸ್ಸಿನಲ್ಲಿ ನಮ್ಮನ್ನು ಮಠಕ್ಕೆ ತಂದು ಬಿಟ್ಟರು. ಅವ್ವನನ್ನು ನೆನೆದು ಮೂರು ದಿನ ನಾವು ಸರಿಯಾಗಿ ಉಣ್ಣಲಿಲ್ಲ. ಹಿರಿಯ ವಿದ್ಯಾರ್ಥಿಗಳು ಗದರಿಸಿದರು, ಬುದ್ಧಿ ಹೇಳಿದರು, ನಾವು ಬಾಯಿ ಬಿಗಿದುಕೊಂಡೆವು. ಅಡುಗೆಮನೆಯಲ್ಲಿ ಒಬ್ಬ ವೃದ್ಧರಿದ್ದರು. ಅವರು ಒಂದು ಮಾತೂ ಆಡಲಿಲ್ಲ. ಎಲ್ಲರ ಊಟವಾದ ಮೇಲೆ ತಮ್ಮ ತಟ್ಟೆ ತಂದು ನಮ್ಮ ಪಕ್ಕದಲ್ಲಿ ಕುಳಿತರು. ಸಣ್ಣ ಮುದ್ದೆ, ಸೊಪ್ಪಿನ ಸಾರು ನಮ್ಮ ಮುಂದೆ ಇಟ್ಟು, ತಾವು ಉಣ್ಣತೊಡಗಿದರು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಅವರು ಮುದ್ದೆ ಮುರಿದು ಸಾರಿಗೆ ಅದ್ದುವುದನ್ನು ನೋಡುತ್ತ ನೋಡುತ್ತ ನಮ್ಮ ಕೈ ತಾನಾಗಿ ತಟ್ಟೆಗೆ ಹೋಯಿತು. ಅಂದು ಅವರು ನೋಡಿ “ಭಲೆ” ಎಂದಿದ್ದರೂ ನಾವು ಕೈ ಹಿಂದೆಗೆದುಕೊಳ್ಳುತ್ತಿದ್ದೆವೋ ಏನೋ. ಮುಂದೆ ಎಷ್ಟೋ ಶಾಸ್ತ್ರ ಓದಿದೆವು. ಅನ್ನದ ವಿಷಯದಲ್ಲಿ ಅವರೇ ನಮ್ಮ ಮೊದಲ ಗುರುಗಳು.

ತಾಯಂದಿರೇ, ಈಗ ನಾಳೆಯಿಂದ ಮಾಡಬೇಕಾದ ಕೆಲಸ ಕೇಳಿ. ಮೊದಲನೆಯದಾಗಿ, ಹೊತ್ತು ಗೊತ್ತುಮಾಡಿ. ಮೂರು ಊಟ, ನಡುವೆ ಎರಡು ಸಲ ಹಣ್ಣೋ ಸಣ್ಣ ತಿಂಡಿಯೋ ಸಾಕು. ಉಳಿದ ಹೊತ್ತು ನೀರು ಬಿಟ್ಟು ಬೇರೇನೂ ಬೇಡ. ಹಸಿವೆಗೆ ಹುಟ್ಟಲು ಅವಕಾಶ ಕೊಡಿ. ಎರಡನೆಯದಾಗಿ, ಕಡಿಮೆ ಬಡಿಸಿ. ಪ್ರಸಾದವನ್ನು ಚೆಲ್ಲಬಾರದೆಂಬುದು ನಮ್ಮ ನಿಷ್ಠೆ. ಸರಿಯೇ. ಆದರೆ ದೊಡ್ಡವರ ಸೌಟಿನಲ್ಲಿ ಬಡಿಸಿ, ಉಳಿಸಿದ ಪಾಪವನ್ನು ಮಗುವಿನ ತಲೆಗೆ ಕಟ್ಟುವುದು ಯಾವ ನ್ಯಾಯ? ಎರಡು ಚಮಚ ಇಡಿ, ಬೇಕೆಂದರೆ ಮತ್ತೆ ಇಡಿ. ಮೂರನೆಯದಾಗಿ, ಜೊತೆಯಲ್ಲಿ ಕುಳಿತು ಉಣ್ಣಿ. ನೀವು ಮೂಲಂಗಿ ಬದಿಗೆ ಸರಿಸಿ ಮಗುವಿಗೆ ಮೂಲಂಗಿ ತಿನ್ನೆಂದರೆ ಅದು ಕೇಳುತ್ತದೆಯೇ? ಕೈ ಮುಸುರೆಯಾಗಲಿ, ಅಂಗಿ ಕೊಳೆಯಾಗಲಿ, ತಾನೇ ತಿನ್ನಲು ಬಿಡಿ. ಇಡಿಯ ಕಡಲೆಬೀಜದಂಥದ್ದು ಮಾತ್ರ ಬೇಡ, ಗಂಟಲಲ್ಲಿ ಸಿಕ್ಕೀತು. ನಾಲ್ಕನೆಯದಾಗಿ, ಹೊಸ ರುಚಿಯನ್ನು ಒಂದು ದಿನ ಉಗುಳಿದರೆ ಕೈಬಿಡಬೇಡಿ. ಹತ್ತು ಸಲ, ಕೆಲವೊಮ್ಮೆ ಹದಿನೈದು ಸಲ ಕಂಡ ಮೇಲೆ ಮಗು ಅದನ್ನು ತನ್ನದೆಂದು ಒಪ್ಪುತ್ತದೆ. ಐದನೆಯದಾಗಿ, ಅರ್ಧ ಗಂಟೆಯಲ್ಲಿ ಊಟ ಮುಗಿಸಿ. ಉಣ್ಣದಿದ್ದರೆ ಮುಖ ಊದಿಸದೆ ತಟ್ಟೆ ಎತ್ತಿ. ಉಂಡರೆ ಚಾಕಲೇಟು ಕೊಡುತ್ತೇನೆಂಬ ಲಂಚವೂ ಬೇಡ. ಲಂಚ ಕೊಟ್ಟರೆ ಅನ್ನ ಶಿಕ್ಷೆಯಾಗುತ್ತದೆ, ಚಾಕಲೇಟು ದೇವರಾಗುತ್ತದೆ.

ಈಗ ಗುಮ್ಮನ ಜಾಗಕ್ಕೆ ಮೊಬೈಲ್ ಫೋನು ಬಂದಿದೆ. ಗೊಂಬೆಯಾಟ ಹಾಕಿ ಕೈಗೆ ಕೊಟ್ಟರೆ ಮಗು ಕಣ್ಣು ಕೀಲಿಸದೆ ಬಾಯಿ ತೆರೆಯುತ್ತದೆ. ಏನು ತಿಂದೆ ಎಂದು ಅದಕ್ಕೆ ಗೊತ್ತಿಲ್ಲ, ಎಷ್ಟು ತಿಂದೆ ಎಂದೂ ಗೊತ್ತಿಲ್ಲ. ಗುಮ್ಮ ಹೆದರಿಸಿ ಬಾಯಿ ತೆರೆಸಿದ, ಫೋನು ಮೈಮರೆಸಿ ಬಾಯಿ ತೆರೆಸುತ್ತದೆ. ಎರಡರಲ್ಲಿಯೂ ಹಸಿವೆಂಬ ಒಳಗಿನ ಗುರು ಮೂಕನಾಗುತ್ತಾನೆ.

ಆದರೆ ಒಂದು ಎಚ್ಚರಿಕೆ. ಬುದ್ಧಿಯೋರು ಹೇಳಿದರೆಂದು ಕಾಯಿಲೆಯ ಮಗುವನ್ನು ಮನೆಯಲ್ಲಿ ಇಟ್ಟುಕೊಂಡು ಕೂರಬೇಡಿ. ಬೆಜ್ಜಮಹಾದೇವಿಯನ್ನು ನೆನೆಯಿರಿ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಬರೆದ, 1369ರಲ್ಲಿ ಭೀಮಕವಿ ಕನ್ನಡಿಸಿದ ಬಸವಪುರಾಣದಲ್ಲಿ ಆ ತಾಯಿಯ ಕಥೆಯಿದೆ. ಶಿವನಿಗೆ ಎಲ್ಲವೂ ಇದೆ, ತಾಯಿ ಮಾತ್ರ ಇಲ್ಲವೆಂದು ಮರುಗಿ ತಾನೇ ಅವನಿಗೆ ತಾಯಿಯಾದಳು. ಎಣ್ಣೆ ಹಚ್ಚಿ, ನೀರೆರೆದು, ಹಾಲೂಡಿಸಿ ಸಾಕಿದಳು. ಒಮ್ಮೆ ಶಿವನು ಅವಳನ್ನು ಪರೀಕ್ಷಿಸಲು ಬಾಯಿಬೇನೆ ಬಂದ ಕೂಸಿನಂತೆ ನಟಿಸಿ ಹಾಲು ಒಲ್ಲೆನೆಂದ. ಆಕೆ ಹಟಮಾರಿಯೆಂದು ಬಯ್ದಳೇ? ಇಲ್ಲ. ಕಂದನಿಗೆ ನೋವಾಗಿದೆಯೆಂದು ತಿಳಿದು ತನ್ನ ಪ್ರಾಣವನ್ನೇ ಬಿಡಲು ಮುಂದಾದಳು. ಪ್ರಾಣ ಬಿಡುವುದು ನಿಮಗೆ ಬೇಡ ತಾಯಂದಿರೇ, ಈಗ ವೈದ್ಯರಿದ್ದಾರೆ. ಆದರೆ ಬೇಡವೆಂಬ ಮಾತಿನ ಹಿಂದೆ ನೋವಿರಬಹುದೆಂಬ ಆ ಕಳಕಳಿಯನ್ನು ಕಲಿಯಿರಿ.

ಯಾವಾಗ ಹೋಗಬೇಕು? ತೂಕ ಇಳಿಯುತ್ತಿದ್ದರೆ ಅಥವಾ ತಿಂಗಳುಗಟ್ಟಲೆ ಏರದೆ ನಿಂತರೆ, ಜ್ವರ, ವಾಂತಿ, ಭೇದಿ ಬಿಡದಿದ್ದರೆ, ನುಂಗುವಾಗ ಕೆಮ್ಮಿ ಉಸಿರುಕಟ್ಟಿದಂತಾದರೆ, ಮುಖ ಬಿಳಿಚಿಕೊಂಡು ಮಣ್ಣು, ಸುಣ್ಣ ತಿನ್ನುತ್ತಿದ್ದರೆ, ಆಟ ಬಿಟ್ಟು ಮಂಕಾಗಿ ಮಲಗಿದರೆ, ಒಂದೆರಡು ಪದಾರ್ಥ ಬಿಟ್ಟು ಉಳಿದುದನ್ನು ಮುಟ್ಟಲೂ ಆಗದೆ ಚೀರಿದರೆ ವೈದ್ಯರಿಗೆ ತೋರಿಸಿ. ಎಳೆಗೂಸು ಹಾಲನ್ನೇ ಬಿಟ್ಟರೆ ಬೆಳಗಾಗುವವರೆಗೂ ಕಾಯಬೇಡಿ, ಅಂದೇ, ಆ ಗಳಿಗೆಯೇ ಹೊರಡಿ. ನಿಮಗೆ ಬೌರಿಂಗ್ ಆಸ್ಪತ್ರೆ ಕೂಗಳತೆಯಲ್ಲಿದೆ. ಅಂಗನವಾಡಿಯಲ್ಲಿ ಮಗುವಿನ ತೂಕ ನೋಡಿ ಬರೆದಿಡುತ್ತಾರೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಶಿಶು ಅಭಿವೃದ್ಧಿ ಯೋಜನೆ ಅದು. ನಮ್ಮ ನಾಡಿನಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ನೆರೆಮನೆಯವರ ಕಣ್ಣಳತೆ ನಂಬಬೇಡಿ, ತಕ್ಕಡಿಯನ್ನು ನಂಬಿ. ತೂಕ ಏರುತ್ತಿದ್ದು, ಮಗು ಆಡಿಕೊಂಡಿದ್ದರೆ, ಅರ್ಧ ಇಡ್ಲಿ ತಿಂದರೂ ನಿಶ್ಚಿಂತೆಯಿಂದಿರಿ.

ಕೊನೆಗೆ, ಆ ಜೋಳಿಗೆಯ ಮಗುವಿನ ಮಾತು. ನಾವು ತಂದೆಯ ಮಾತು ಕೇಳಿದ ಮೇಲೆ ಒಂದು ದಿನ ಹೇಳಿ ಕಳಿಸಿ ಆ ಮನೆಗೆ ಮತ್ತೆ ಹೋದೆವು. ಪಾದಪೂಜೆ ಬೇಡವೆಂದೆವು, ಜೋಳಿಗೆಯನ್ನು ಮಠದಲ್ಲೇ ಬಿಟ್ಟು ಹೋಗಿದ್ದೆವು. ನೆಲದ ಮೇಲೆ ಕುಳಿತು ಮನೆಯವರ ಜೊತೆಯಲ್ಲೇ ಪ್ರಸಾದ ಸ್ವೀಕರಿಸಿದೆವು. ಮಗು ಬಾಗಿಲ ಹಿಂದೆ ನಿಂತು ನೋಡುತ್ತಿತ್ತು. ನಾವು ಆ ಅಡುಗೆಮನೆಯ ವೃದ್ಧರನ್ನು ನೆನೆದು ತಲೆ ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ ಅದು ಬಂದು ಅಜ್ಜಿಯ ತೊಡೆಯ ಮೇಲೆ ಕುಳಿತಿತು. ಅಜ್ಜಿ ಕೈ ಹಿಡಿಯಲಿಲ್ಲ, ತಾಯಿ ತುತ್ತು ಮಾಡಲಿಲ್ಲ. ಅನ್ನವನ್ನು ಅದು ಅಂದೂ ಉಣ್ಣಲಿಲ್ಲ. ತಾಯಿಯ ತಟ್ಟೆಯಿಂದ ಒಂದು ಹಪ್ಪಳದ ಚೂರು ಮುರಿದುಕೊಂಡಿತು, ಅಷ್ಟೇ. ಆದರೆ ಅಳಲಿಲ್ಲ. ಅಂದಿಗೆ ನಮಗೆ ಅಷ್ಟು ಸಾಕಾಗಿತ್ತು.

ಬೆಳಿಗ್ಗೆ ಬಂದ ಆ ತಾಯಿ ಇಲ್ಲೇ ಎಲ್ಲೋ ಕುಳಿತಿರಬಹುದು. ಅವ್ವಾ, ವಿಭೂತಿಯನ್ನು ಮಗುವಿನ ಹಣೆಗೆ ಹಚ್ಚು. ಹಚ್ಚುವಾಗ ನಿನ್ನ ಹಣೆಗೂ ಹಚ್ಚಿಕೋ. ಇಂದು ರಾತ್ರಿ ಎರಡೇ ಚಮಚ ಅನ್ನ ಬಡಿಸಿ, ಪಕ್ಕದಲ್ಲಿ ಕುಳಿತು ನೀನು ಹೊಟ್ಟೆತುಂಬ ಉಣ್ಣು. ಈ ಗಡಿಬಿಡಿಯಲ್ಲಿ ನೀನೇ ಉಂಡು ಎಷ್ಟು ದಿನವಾಯಿತೋ!